ಹತ್ತನೇ ಕ್ಲಾಸಿನ ಬೀಜಗಣಿತ, ಮುಂಬೈ ಮಳೆ ಮತ್ತು ಹತ್ತೊಂಬತ್ತು ರೂಪಾಯಿ ವಡಾಪಾವ್

ಮಹಾರಾಷ್ಟ್ರ ಬೋರ್ಡಲ್ಲಿ ಹತ್ತನೇ ಕ್ಲಾಸಿನ ಗಣಿತ ಅಂದ್ರೆ ಎರಡು ಪುಸ್ತಕ, ಎರಡು ಪೇಪರ್. ಬೀಜಗಣಿತಕ್ಕೆ 40 ಮಾರ್ಕು, ರೇಖಾಗಣಿತಕ್ಕೆ 40, ಶಾಲೆಯವ್ರೇ ಹಾಕೋ ಆಂತರಿಕ ಅಂಕ 20. ಪುಸ್ತಕ ಬಾಲಭಾರತಿದು, ಅಂದ್ರೆ ರಾಜ್ಯದ ಪಠ್ಯಪುಸ್ತಕ ಮಂಡಳಿದು, ಕನ್ನಡದಲ್ಲೂ ಬರುತ್ತೆ. ಊರ ಕಡೆ ಹೇಳಿದ್ರೆ ನಂಬಲ್ಲ ಜನ, ಮುಂಬೈಯಲ್ಲಿ ಇನ್ನೂ ಕನ್ನಡ ಮೀಡಿಯಂ ಹೈಸ್ಕೂಲ್ ಇದ್ಯಾ ಅಂತ. ಇದೆ. ಬೆಂಚು ಮೊದಲಿನ ಹಾಗೆ ತುಂಬಲ್ಲ, ಆದ್ರೂ ಇದೆ. ನಮ್ಮ ಕ್ಲಾಸಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದು ಇಲ್ಲಿ ಕಟ್ಟಡದ ಕೆಲಸ ಮಾಡೋರ ಮಕ್ಕಳು, ಉಳಿದವ್ರು ಹೋಟೆಲ್ಲು ಕ್ಯಾಂಟೀನು ನಂಬಿಕೊಂಡಿರೋ ಉಡುಪಿ-ಕುಂದಾಪುರದ ಮನೆಯವ್ರು.

2025ರ ಜೂನಲ್ಲಿ ಹತ್ತನೇ ಕ್ಲಾಸಿನ ಬೀಜಗಣಿತ ನನ್ನ ತಲೆ ಮೇಲೆ ಬಂತು. ಮೊದಲ ಕೆಲಸ ವಾರ್ಷಿಕ ನಿಯೋಜನ, ಅಂದ್ರೆ ಯಾವ ತಿಂಗಳು ಯಾವ ಪಾಠ ಅಂತ ಒಂದು ಟೇಬಲ್ ತುಂಬಿ ಸಹಿ ಹಾಕಿ ಕೊಡೋದು. ಹೆಚ್ಚಿನೋರು ಹಳೇ ವರ್ಷದ್ದನ್ನ ನೋಡಿ ತಾರೀಖು ಬದಲಿಸಿ ಕೊಟ್ಬಿಡ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ, ಯಾಕಂದ್ರೆ ಪಾಠ ಆರೇ ಆರು: ಎರಡು ಚರಾಕ್ಷರಗಳ ರೇಖೀಯ ಸಮೀಕರಣ, ವರ್ಗ ಸಮೀಕರಣ, ಸಮಾಂತರ ಶ್ರೇಢಿ, ಆರ್ಥಿಕ ನಿಯೋಜನೆ, ಸಂಭವನೀಯತೆ, ಸಂಖ್ಯಾಶಾಸ್ತ್ರ. ಜೂನಿಂದ ಡಿಸೆಂಬರ್‌ವರೆಗೆ ತಿಂಗಳಿಗೊಂದು ಅಂತ ಬರೆದ್ರೂ ಮುಗಿಯುತ್ತೆ. ಕಾಗದದ ಮೇಲೆ ಮುಗಿಯುತ್ತೆ ಅನ್ನಿ. ಜುಲೈ ಆಗಸ್ಟಲ್ಲಿ ರೆಡ್ ಅಲರ್ಟ್ ಬಂದ್ರೆ ಶಾಲೆ ರಜ, ಆಮೇಲೆ ಗಣಪತಿ, ಆಮೇಲೆ ಸತ್ರ ಪರೀಕ್ಷೆ (ಅರ್ಧವಾರ್ಷಿಕ), ಅದರ ಬೆನ್ನಿಗೆ ದೀಪಾವಳಿ ರಜ. ಬೋರ್ಡ್ ಪರೀಕ್ಷೆ ಮೊದಲು ಮಾರ್ಚಲ್ಲಿ ಇರ್ತಿತ್ತು, ಈಗ ಫೆಬ್ರವರಿ ಕೊನೆಗೇ ಶುರು. ಅಂದ್ರೆ ಬೋರ್ಡ್ ಪರೀಕ್ಷೆಗೆ ತಾಲೀಮು ಅಂತ ಶಾಲೆಯಲ್ಲೇ ನಡೆಯೋ ಜನವರಿ ಪ್ರಿಲಿಮ್‌ಗೆ ಮುಂಚೆ ಎಲ್ಲಾ ಮುಗಿದು ಒಂದು ಸುತ್ತು ರಿವಿಷನ್ನೂ ಆಗಿರ್ಬೇಕು.

ನಾನು ಡೊಂಬಿವಲಿಯಿಂದ ಬರೋನು, ಬೆಳಿಗ್ಗೆ ಟ್ರೇನಲ್ಲಿ ಕೂತು ಬರೆಯೋಷ್ಟು ಜಾಗ ಯಾವತ್ತೂ ಸಿಗಲ್ಲ, ಹಾಗಾಗಿ ಈ ಪ್ಲಾನ್ ಬಹುಪಾಲು ಒಂದು ಕೈಲಿ ಮೇಲಿನ ಹಿಡಿ ಹಿಡ್ಕೊಂಡು ಇನ್ನೊಂದು ಕೈಲಿ ಫೋನಲ್ಲಿ ಟೈಪ್ ಮಾಡಿದ್ದು. ಪಾಠದ ಟೇಬಲ್ ನಾನು ಮೊದಲು ಮುಟ್ಟಲೇ ಇಲ್ಲ. ಪ್ರಶ್ನೆಪತ್ರಿಕೆ ಮುಂದಿಟ್ಕೊಂಡೆ. ಬೋರ್ಡ್ ಪೇಪರಿನ 40 ಹೀಗೆ ಒಡೆಯುತ್ತೆ: ಒಂದೊಂದು ಮಾರ್ಕಿನದು 8, ಎರಡೆರಡರದು 12, ಮೂರು ಮೂರರದು 9, ನಾಲ್ಕು ನಾಲ್ಕರದು 8, ಕೊನೆಗೆ ಸ್ವಲ್ಪ ಯೋಚನೆ ಬೇಡೋ ಪ್ರಶ್ನೆ ಒಂದು, 3 ಮಾರ್ಕು. ಅಂದ್ರೆ ಮೊದಲ ಅರ್ಧ ಸೂತ್ರಕ್ಕೆ ಬೆಲೆ ಹಾಕೋದು, ಹೆಸರು ಗುರುತಿಸೋದು, ಒಂದೆರಡು ಹೆಜ್ಜೆ ಲೆಕ್ಕ. ಪಾಸಾಗೋಕೆ ಅಷ್ಟು ಸಾಕು. ನಮ್ಮಲ್ಲಿ ಬಹಳ ಜನ ಅಷ್ಟಕ್ಕೇ ಪ್ಲಾನ್ ಮಾಡ್ತಾರೆ, ಮಕ್ಕಳು ಪಾಸಾಗ್ತಾರೆ, ಹನ್ನೊಂದನೇ ಕ್ಲಾಸಿಗೆ ಹೋಗಿ ಬೀಜಗಣಿತ ನೋಡಿ ಓಡ್ತಾರೆ. ನನ್ನ ಆಸೆ ಇದ್ದಿದ್ದು ಆ ನಾಲ್ಕು ಮಾರ್ಕಿನ ಪ್ರಶ್ನೆಗಳ ಮೇಲೆ, ಅಂದ್ರೆ ನಾಲ್ಕು ಸಾಲಿನ ಒಂದು ಸಂಗತಿ ಓದಿ ಅದನ್ನ ಸಮೀಕರಣ ಮಾಡೋದು. ಅದು ಬಂದ್ರೆ ಉಳಿದದ್ದು ತಾನಾಗೇ ಬರುತ್ತೆ ಅಂತಲ್ಲ, ಆದ್ರೆ ಅದು ಬರದೇ ಉಳಿದದ್ದು ಬಂದ್ರೆ ಬೀಜಗಣಿತ ಬಂತು ಅನ್ನೋಕಾಗಲ್ಲ.

ಮೊದಲ ವಾರವೇ ಮಾರ್ಕಿಲ್ಲದ ಒಂದು ಪರೀಕ್ಷೆ ಕೊಟ್ಟೆ. ಹೆಸರು ಬರೀಬೇಕು, ಮಾರ್ಕು ಇಲ್ಲ ಅಂದಾಗ ಹುಡುಗ್ರು ಮುಖ ಮುಖ ನೋಡ್ಕೊಂಡ್ರು. ಪ್ರಶ್ನೆಗಳು ಎಂಟನೇ ಕ್ಲಾಸಿನ ಮಟ್ಟದವು. ಒಂದು: 9 + 6 = __ + 4, ಖಾಲಿ ಜಾಗ ತುಂಬಿ. ಬಹಳ ಜನ 15 ಬರೆದ್ರು. ಅವ್ರ ಪಾಲಿಗೆ ಸಮ ಚಿಹ್ನೆ ಅಂದ್ರೆ ‘ಉತ್ತರ ಇಲ್ಲಿ ಬರೀರಿ’ ಅನ್ನೋ ಬೋರ್ಡು, ಎರಡೂ ಕಡೆ ಒಂದೇ ಅನ್ನೋ ಅರ್ಥ ಅಲ್ಲ. ಇನ್ನೊಂದು: ಎಕ್ಸ್ 3 ಆದ್ರೆ 2ಎಕ್ಸ್ ಎಷ್ಟು, ಅಂದ್ರೆ 23 ಅಂತ ಬರೆದೋರೂ ಇದ್ರು. ಏಳರಿಂದ ಬ್ರಾಕೆಟ್ ಒಳಗಿನ ಎಕ್ಸ್ ಮೈನಸ್ ನಾಲ್ಕನ್ನ ಕಳೀರಿ ಅಂದ್ರೆ ಹೆಚ್ಚಿನೋರು ‘3 ಮೈನಸ್ ಎಕ್ಸ್’ ಅಂದ್ರು, ಸರಿ ಉತ್ತರ ‘11 ಮೈನಸ್ ಎಕ್ಸ್’ ಬರೆದೋರು ಕಡಿಮೆ. ಇವೆಲ್ಲಾ ನಮ್ಮ ಮಕ್ಕಳಿಗೆ ಮಾತ್ರ ಅಂತ ಅಲ್ಲ, ಲೋಕದ ಯಾವ ಮೂಲೆಗೆ ಹೋಗಿ ಕೊಟ್ರೂ ಇದೇ ತಪ್ಪುಗಳು ಬರ್ತವೆ, ಗಣಿತ ಶಿಕ್ಷಣದೋರಿಗೆ ಇದು ಹಳೇ ವಿಷಯ.

ನನಗೆ ಬಹಳ ಉಪಯೋಗ ಆಗಿದ್ದು ಕೊನೇ ಪ್ರಶ್ನೆ. ಒಂದು ಸೈಟಲ್ಲಿ ಪ್ರತಿ ಒಬ್ಬ ಮೇಸ್ತ್ರಿಗೆ ಆರು ಜನ ಹೆಲ್ಪರ್ ಇದಾರೆ. ಮೇಸ್ತ್ರಿಗಳ ಸಂಖ್ಯೆ ಮ, ಹೆಲ್ಪರ್‌ಗಳ ಸಂಖ್ಯೆ ಹ. ಸಮೀಕರಣ ಬರೀರಿ. ಈ ಮಕ್ಕಳ ಅಪ್ಪಂದಿರಲ್ಲಿ ಮೇಸ್ತ್ರಿಗಳೂ ಇದಾರೆ ಹೆಲ್ಪರ್‌ಗಳೂ ಇದಾರೆ, ಸೈಟಲ್ಲಿ ಯಾರು ಜಾಸ್ತಿ ಅಂತ ನನಗಿಂತ ಅವ್ರಿಗೆ ಚೆನ್ನಾಗಿ ಗೊತ್ತು. ಆದ್ರೂ ಹೆಚ್ಚಿನೋರು ಬರೆದದ್ದು 6ಹ = ಮ, ಬರೀಬೇಕಿದ್ದು ಹ = 6ಮ. ನಾನು ಒಬ್ಬಳನ್ನ ಕರೆದು ಕೇಳ್ದೆ, ಇದರ ಪ್ರಕಾರ ಹೆಲ್ಪರ್ ಹತ್ತು ಜನ ಇದ್ರೆ ಮೇಸ್ತ್ರಿ ಎಷ್ಟು ಜನ ಆದ್ರು? ಅವಳು ಲೆಕ್ಕ ಹಾಕಿ ‘ಅರವತ್ತು’ ಅಂದವಳೇ ‘ಅಯ್ಯ, ಅಷ್ಟ್ ಮೇಸ್ತ್ರಿ ಎಲ್ಲಿರ್ತಾರ್ರೀ ಸರ್’ ಅಂತ ನಕ್ಕುಬಿಟ್ಲು. ಆಮೇಲೆ ಹೇಳಿದ ಮಾತು ಮುಖ್ಯ: ‘ಆರು ಹೆಲ್ಪರ್ ಅಂತ ಬರದೀನ್ರಿ, 6ಹ.’ ಅವಳಿಗೆ ಹ ಅಂದ್ರೆ ಹೆಲ್ಪರ್ ಅನ್ನೋ ಮನುಷ್ಯ, ಹೆಲ್ಪರ್‌ಗಳ ಎಣಿಕೆ ಅಲ್ಲ. ಅಕ್ಷರ ಅಂದ್ರೆ ಹೆಸರಿನ ಚೀಟಿ. ಇಷ್ಟು ವರ್ಷ ನಾವೇ ಆ್ಯಪಲ್‌ಗೆ ಎ ಬಾಲ್‌ಗೆ ಬಿ ಅಂತ ಹೇಳ್ಕೊಟ್ಟು ಹಾಗೆ ಮಾಡಿಟ್ಟಿದೀವಿ. ಇಡೀ ವರ್ಷದ ಪ್ಲಾನ್ ಈ ಒಂದು ಉತ್ತರದ ಸುತ್ತ ಕಟ್ಟಿದೆ ಅಂದ್ರೂ ಸರಿಯೇ. ‘ಎಕ್ಸ್ ಎಂದರೆ ಏನು’ ಅಂತ ಪ್ರತಿ ಲೆಕ್ಕದ ಮೊದಲ ಸಾಲಲ್ಲಿ ಪೂರ್ತಿ ಬರೀಬೇಕು, ‘ಎಕ್ಸ್ = ಪೆನ್ನು’ ಅಲ್ಲ, ‘ಎಕ್ಸ್ = ಒಂದು ಪೆನ್ನಿನ ಬೆಲೆ, ರೂಪಾಯಿಯಲ್ಲಿ’. ಬರೀದಿದ್ರೆ ಮುಂದಿಂದು ನೋಡಲ್ಲ ಅಂತ ರೂಲು.

ಇಲ್ಲಿ ಪಾಠದ ಕ್ರಮ ಬದಲಾಯ್ತು. ಪುಸ್ತಕದಲ್ಲಿ ರೇಖೀಯ ಸಮೀಕರಣ ಆದ ತಕ್ಷಣ ವರ್ಗ ಸಮೀಕರಣ. ಅಪವರ್ತನ, ಅಂದ್ರೆ ಗುಣಾಕಾರದ ರೂಪಕ್ಕೆ ಒಡೆಯೋದು, ಬರದ ಮಕ್ಕಳಿಗೆ ಅದು ಗೋಡೆ. ಅದಕ್ಕೆ ನಡುವೆ ಸಮಾಂತರ ಶ್ರೇಢಿ ಎಳೆದು ತಂದೆ, ಅಲ್ಲಿ ಸೂತ್ರಕ್ಕೆ ಬೆಲೆ ಹಾಕಿದ್ರೆ ಉತ್ತರ ಬರುತ್ತೆ, ಧೈರ್ಯನೂ ಬರುತ್ತೆ, ಅಷ್ಟರಲ್ಲಿ ದಿನಾ ಪೀರಿಯಡ್ ಶುರುವಲ್ಲಿ ಎರಡೆರಡು ಅಪವರ್ತನ ಮಾಡಿಸ್ತಾ ಹೋದ್ರೆ ವರ್ಗ ಸಮೀಕರಣ ಬರೋ ಹೊತ್ತಿಗೆ ಕೈ ಪಳಗಿರುತ್ತೆ. ಸಂಖ್ಯಾಶಾಸ್ತ್ರವನ್ನ ಆಗಸ್ಟಿಗೆ ಹಾಕ್ದೆ. ಅದು ಉದ್ದುದ್ದ ಟೇಬಲಿನ ಪಾಠ, ಮಧ್ಯ ನಾಲ್ಕು ದಿನ ರಜ ಬಂದ್ರೂ ಎಳೆ ತಪ್ಪಲ್ಲ, ಮನೇಲಿ ಕೂತು ಟೇಬಲ್ ತುಂಬಿ ಬರಬಹುದು. ಆ ವರ್ಷ ಆಗಸ್ಟ್ 18ಕ್ಕೆ ಮಳೆ ಜೋರಾಗಿ ಮಧ್ಯಾಹ್ನದ ಶಾಲೆಗಳು ಬಂದ್, 19ಕ್ಕೆ ಪೂರ್ತಿ ರಜ, ಲೋಕಲ್ ಟ್ರೇನೂ ನಿಂತು ಹೋಯ್ತು. ವರ್ಗ ಸಮೀಕರಣದ ನಟ್ಟನಡುವೆ ಹೀಗಾಗಿದ್ರೆ ಮತ್ತೆ ಮೊದಲಿಂದ ಹೇಳ್ಬೇಕಿತ್ತು.

ಮಳೇನೇ ಪಾಠಕ್ಕೂ ಬಂತು. ಸರಾಸರಿ ಮತ್ತು ಮಧ್ಯಾಂಕ (ಅಂಕಿಗಳನ್ನ ಕ್ರಮವಾಗಿ ಜೋಡಿಸಿದ್ರೆ ನಟ್ಟನಡುವೆ ಬರೋದು) ಯಾಕೆ ಬೇರೆ ಬೇರೆ ಬೇಕು ಅಂತ ಹೇಳೋಕೆ 2005ರ ಜುಲೈ 26 ತಗೊಂಡೆ, ಅವತ್ತು ಸಾಂತಾಕ್ರೂಜಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಉಳಿದ ಆರು ದಿನಕ್ಕೆ ನಾನೇ ಅಂಕಿ ಹಾಕ್ದೆ, 0, 10, 20, 25, 35, 50. ವಾರದ ಸರಾಸರಿ ತೆಗೆದ್ರೆ ಸುಮಾರು 155. ಮಧ್ಯಾಂಕ 25. ಏಳರಲ್ಲಿ ಆರು ದಿನ 155ರ ಹತ್ತಿರಕ್ಕೂ ಬಂದಿಲ್ಲ. ಈ ಮಕ್ಕಳು ಆಗ ಹುಟ್ಟಿರ್ಲಿಲ್ಲ, ಆದ್ರೆ ಮನೇಲಿ ಕೇಳ್ಕೊಂಡು ಬನ್ನಿ ಅಂದೆ, ಮಾರನೇ ದಿನ ಪೀರಿಯಡ್ ಪೂರ್ತಿ ಆ ಕಥೆಗಳೇ, ಗಣಿತ ನಡೀಲಿಲ್ಲ. ನಡೀದಿದ್ರೂ ಪರವಾಗಿಲ್ಲ ಅನಿಸ್ತು, ಮಧ್ಯಾಂಕ ಆಮೇಲೆ ಯಾರೂ ಮರೀಲಿಲ್ಲ.

ಉದಾಹರಣೆ ಆರಿಸೋದು ಹೊರಗಿಂದ ಕಾಣುವಷ್ಟು ಸುಲಭ ಅಲ್ಲ. ರೇಖೀಯ ಸಮೀಕರಣಕ್ಕೆ ಆಟೋ ಮೀಟರ್ ಚೆಂದ ಅಂತ ಎಲ್ಲರೂ ಹೇಳ್ತಾರೆ, ಒಂದು ಖಾಯಂ ಮೊತ್ತ, ಮೇಲೆ ಕಿಲೋಮೀಟರಿಗೆ ಇಷ್ಟು. 2025 ಫೆಬ್ರವರಿಯಿಂದ ಮುಂಬೈಲಿ ಮೊದಲ ಒಂದೂವರೆ ಕಿಲೋಮೀಟರಿಗೆ 26 ರೂಪಾಯಿ, ಆಮೇಲೆ ಕಿಲೋಮೀಟರಿಗೆ 17.14. ಮೂರು ಕಿಲೋಮೀಟರಿಗೆ ಲೆಕ್ಕ ಹಾಕಿ ನೋಡಿ: 51.71. ಅಂದ್ರೆ ದೂರ ಡಬಲ್ ಆದ್ರೆ ದುಡ್ಡೂ ಹೆಚ್ಚುಕಮ್ಮಿ ಡಬಲ್! ಖಾಯಂ ಮೊತ್ತ ಅನ್ನೋದು ಬೇರೆ, ನೇರ ಅನುಪಾತ ಅನ್ನೋದು ಬೇರೆ ಅಂತ ತೋರಿಸೋಕೆ ಹೋದ್ರೆ ಈ ಉದಾಹರಣೆ ಉಲ್ಟಾ ಹೊಡೆಯುತ್ತೆ. ಬಿಟ್ಟೆ.

ಇನ್ನು ವಡಾಪಾವ್ ಕಥೆ. ನಮ್ಮಲ್ಲಿ ಬಹಳ ವರ್ಷದಿಂದ ಕೈ ಬದಲಾಗ್ತಾ ಬಂದ ಪ್ರಶ್ನೆಗಳ ಒಂದು ಫೈಲಿದೆ. ಅದರಲ್ಲಿ ಒಂದು ಲೆಕ್ಕ: ಎರಡು ವಡಾಪಾವ್ ಮೂರು ಚಹಾಕ್ಕೆ 70 ರೂಪಾಯಿ, ಮೂರು ವಡಾಪಾವ್ ಎರಡು ಚಹಾಕ್ಕೆ 80, ಒಂದೊಂದರ ಬೆಲೆ ಎಷ್ಟು. ಪೀರಿಯಡಲ್ಲಿ ಬಾಯಲ್ಲೇ ಕೇಳಿದ್ದಕ್ಕೆ ಹಿಂದಿನ ಬೆಂಚಿಂದ ತಕ್ಷಣ ಉತ್ತರ, ‘ವಡಾಪಾವ್ 20, ಚಹಾ 10’. ಹೇಗೋ ಅಂದ್ರೆ ‘ಅದ್ರಾಗ ಏನೈತ್ರಿ, ನಮ್ಮ ನಾಕಾದಾಗ ಅಷ್ಟೇ ಐತಿ’. ನಾಕಾ ಅಂದ್ರೆ ಇಲ್ಲಿ ರಸ್ತೆ ಕೂಡೋ ಜಾಗ. ಸರಿ ಉತ್ತರ, ಬೀಜಗಣಿತ ಸೊನ್ನೆ. ತಪ್ಪು ಹುಡುಗಂದಲ್ಲ, ಪ್ರಶ್ನೆದು. ಯೂನಿಟ್ ಟೆಸ್ಟಿಗೆ ಅದನ್ನೇ 71 ಮತ್ತು 79 ಮಾಡ್ದೆ. ಎರಡೂ ಕೂಡಿಸಿದ್ರೆ ಒಂದು ವಡಾಪಾವ್ ಒಂದು ಚಹಾ ಸೇರಿ 30, ಕಳೆದ್ರೆ ವ್ಯತ್ಯಾಸ 8, ಅಲ್ಲಿಗೆ ವಡಾಪಾವ್ 19, ಚಹಾ 11. ಪೇಪರ್ ಕೊಟ್ಟ ಮೇಲೆ ಜಗಳವೋ ಜಗಳ, 19 ರೂಪಾಯಿಗೆ ಎಲ್ಲಿ ಸಿಗುತ್ತೆ ಸಾರ್, ಚಿಲ್ಲರೆ ಯಾರು ಕೊಡ್ತಾರೆ. ಆದ್ರೆ ಯಾರು ಸಮೀಕರಣ ಬರೆದು ಬಿಡಿಸಿದ್ರು, ಯಾರು ನಾಕಾ ರೇಟು ಬರೆದ್ರು ಅಂತ ಒಂದೇ ನೋಟಕ್ಕೆ ಗೊತ್ತಾಯ್ತು. ಅವತ್ತಿಂದ ನನ್ನ ಪ್ರಶ್ನೆಗಳಲ್ಲಿ ಉತ್ತರ ಊಹೆಗೆ ಸಿಗೋ ಹಾಗೆ ಇರಲ್ಲ, ಕೆಲವಕ್ಕೆ ಭಿನ್ನರಾಶಿ, ಕೆಲವಕ್ಕೆ ಪರಿಹಾರವೇ ಇಲ್ಲದ್ದು.

ಮೌಲ್ಯಮಾಪನದಲ್ಲಿ ಸ್ಟಾಫ್ ರೂಮಲ್ಲಿ ದೊಡ್ಡ ಚರ್ಚೆ ಆಗಿದ್ದು ಇದೇ ವಿಷಯಕ್ಕೆ. ಹೆಜ್ಜೆ ಬರೀದೇ ಉತ್ತರ ಮಾತ್ರ ಸರಿ ಬರೆದ್ರೆ ಎಷ್ಟು ಕೊಡೋದು? ಒಬ್ರು ಸಹೋದ್ಯೋಗಿ ಪೂರ್ತಿ ಕೊಡಿ ಅಂತಾರೆ, ಮಗು ತಲೇಲೇ ಮಾಡಿದೆ ಅಂತ. ಇನ್ನೊಬ್ರು ಸೊನ್ನೆ ಅಂತಾರೆ. ನಾನು ನಾಲ್ಕು ಮಾರ್ಕನ್ನ ಒಡೆದು ಮಕ್ಕಳಿಗೇ ಮೊದಲೇ ಬರೆಸಿಬಿಟ್ಟೆ: ಅಕ್ಷರ ಏನಂತ ಹೇಳಿ ಸಮೀಕರಣ ಮಾಡಿದ್ದಕ್ಕೆ 2, ಬಿಡಿಸಿದ್ದಕ್ಕೆ 1, ಉತ್ತರವನ್ನ ಪ್ರಶ್ನೆಗೆ ವಾಪಸ್ ಹಾಕಿ ತಾಳೆ ನೋಡಿ ಒಂದು ವಾಕ್ಯದಲ್ಲಿ ಬರೆದಿದ್ದಕ್ಕೆ 1. ಇದು ಬೋರ್ಡಿನ ಹಂಚಿಕೆ ಅಲ್ಲ, ನನ್ನದು, ಕ್ಲಾಸಿನ ಟೆಸ್ಟಿಗೆ ಮಾತ್ರ. ಬಿಡಿಸೋಕೆ ಬರೀ ಒಂದಾ ಅಂತ ಕೇಳಿದ್ರು. ಹೌದು, ಬರೀ ಒಂದು. ಬಿಡಿಸೋದನ್ನ ಎರಡು ಮಾರ್ಕಿನ ಪ್ರಶ್ನೆಗಳಲ್ಲಿ ಬೇಕಾದಷ್ಟು ಕೇಳಿರ್ತೀವಿ.

ಪೇಪರ್ ತಿದ್ದುವಾಗ ಅಂಚಲ್ಲಿ ಅಕ್ಷರ ಹಾಕೋಕೆ ಶುರು ಮಾಡ್ದೆ. ‘ಲ’ ಅಂದ್ರೆ ಲೆಕ್ಕದ ತಪ್ಪು, ಪ್ಲಸ್ ಮೈನಸ್ ಗುಣಾಕಾರ. ‘ಓ’ ಅಂದ್ರೆ ಓದಿದ್ದು ಸಮೀಕರಣ ಆಗಿಲ್ಲ. ‘ತಿ’ ಅಂದ್ರೆ ವಿಷಯವೇ ತಿಳಿದಿಲ್ಲ. ಕೆಳಗೆ ಮಾರ್ಕು ಇರುತ್ತೆ, ಆದ್ರೆ ನನ್ನ ರಿಜಿಸ್ಟರಲ್ಲಿ ಮಾರ್ಕಿನ ಪಕ್ಕ ಈ ಅಕ್ಷರಗಳ ಎಣಿಕೆ. 20ಕ್ಕೆ 9 ತಗೊಂಡ ಇಬ್ಬರಲ್ಲಿ ಒಬ್ಬನಿಗೆ ಬರೀ ‘ಲ’, ಇನ್ನೊಬ್ಬಳಿಗೆ ಬರೀ ‘ಓ’ ಇದ್ರೆ ಇಬ್ಬರಿಗೂ ಒಂದೇ ರೆಮಿಡಿಯಲ್ ಕ್ಲಾಸ್ ಯಾಕೆ? ಅವನಿಗೆ ದಿನಾ ಹತ್ತು ಸಣ್ಣ ಲೆಕ್ಕ ಸಾಕು. ಅವಳಿಗೆ ಲೆಕ್ಕವೇ ಬೇಡ, ಪ್ರಶ್ನೆ ಓದಿ ಸಮೀಕರಣ ಬರೆದು ಅಲ್ಲಿಗೇ ಪೆನ್ ಕೆಳಗಿಡೋ ಅಭ್ಯಾಸ ಬೇಕು. ಟೈಮ್ ಬಹಳ ಹೋಗುತ್ತೆ ಇದಕ್ಕೆ, ಸುಳ್ಳು ಹೇಳಲ್ಲ, ದೊಡ್ಡ ಕ್ಲಾಸಿದ್ರೆ ಪ್ರತಿ ಟೆಸ್ಟಿಗೂ ಮಾಡೋಕಾಗಲ್ಲ. ನಮ್ಮಲ್ಲಿ ಮಕ್ಕಳು ಕಡಿಮೆ ಆಗಿರೋದು ದುಃಖದ ವಿಷಯ, ಆದ್ರೆ ಈ ಒಂದು ಕೆಲಸಕ್ಕೆ ಅನುಕೂಲ ಆಯ್ತು.

ಬೋರ್ಡ್ ಪೇಪರಲ್ಲಿ ‘ಕೃತಿ’ ಅಂತ ಒಂದು ಬಗೆ ಪ್ರಶ್ನೆ ಬರುತ್ತೆ, ಬಿಡಿಸಿದ ಲೆಕ್ಕದಲ್ಲಿ ಅಲ್ಲಲ್ಲಿ ಬಾಕ್ಸ್ ಖಾಲಿ ಬಿಟ್ಟು ತುಂಬಿ ಅನ್ನೋದು. ಒಳ್ಳೇ ಉದ್ದೇಶ, ಆದ್ರೆ ಮಕ್ಕಳು ಮೇಲಿನ ಸಾಲು ಕೆಳಗಿನ ಸಾಲು ನೋಡಿ ಯಾವ ಅಂಕಿ ಕೂರುತ್ತೆ ಅಂತ ತುಂಬ್ತಾರೆ. ನಾನು ಅದರ ಜೊತೆಗೆ ತಪ್ಪಾಗಿ ಬಿಡಿಸಿದ ಲೆಕ್ಕ ಕೊಡೋಕೆ ಶುರು ಮಾಡ್ದೆ, ಎಲ್ಲಿ ತಪ್ಪಿದೆ, ಹಾಗೆ ಮಾಡಿದವ್ರು ಏನಂತ ಯೋಚನೆ ಮಾಡಿರ್ಬಹುದು, ಬರೀರಿ. ಬೇರೆಯವ್ರ ತಪ್ಪು ಹುಡುಕೋದ್ರಲ್ಲಿ ಇಷ್ಟು ಉತ್ಸಾಹ ಇರುತ್ತೆ ಅಂತ ನನಗೆ ಅಂದಾಜಿರ್ಲಿಲ್ಲ.

ಎರಡು ರೇಖೀಯ ಸಮೀಕರಣ ಒಟ್ಟಿಗೆ ಬಿಡಿಸೋ ಕ್ರೇಮರನ ನಿಯಮ ಮಕ್ಕಳಿಗೆ ಬಹಳ ಇಷ್ಟ, ನಿರ್ಧಾರಕ ಹಾಕು, ಭಾಗಿಸು, ಮುಗೀತು. ಅದಕ್ಕೇ ಅದನ್ನ ತಡ ಮಾಡ್ದೆ. ಮೊದಲೇ ಕೊಟ್ರೆ ಬೇರೆ ದಾರಿ ಯಾರೂ ಮುಟ್ಟಲ್ಲ.

ವರ್ಗ ಸಮೀಕರಣದಲ್ಲಿ ಬಿ ಸ್ಕ್ವೇರ್ ಮೈನಸ್ ನಾಲ್ಕು ಎಸಿ ಋಣ ಬಂದ್ರೆ ವಾಸ್ತವ ಮೂಲ ಇಲ್ಲ ಅಂತ ಹೇಳುವಾಗ, ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಒಂಬತ್ತನೇ ಶತಮಾನದಲ್ಲೇ ಮಹಾವೀರಾಚಾರ್ಯ ಬರೆದಿದ್ದು, ಅವನು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದವನು, ಅವ್ರ ರಾಜಧಾನಿ ಮಾನ್ಯಖೇಟ ಅಂದ್ರೆ ಈಗಿನ ಮಳಖೇಡ ಅಂತ ಹೇಳ್ದೆ. ಸೇಡಂ ಕಡೆಯ ಹುಡುಗ ಒಬ್ಬ ಎದ್ದು ನಿಂತೇ ಬಿಟ್ಟ, ‘ನಮ್ಮೂರ ಬಾಜೂಕೇ ಐತ್ರೀ ಸರ್, ಅಲ್ಲಿ ಸಿಮೆಂಟ್ ಫ್ಯಾಕ್ಟರಿ ಐತಿ’. ಇಡೀ ವರ್ಷ ಅವನು ತಾನಾಗಿ ಬಾಯಿ ಬಿಟ್ಟಿದ್ದು ಅವತ್ತೇ ಮೊದಲು.

ಆರ್ಥಿಕ ನಿಯೋಜನೆ ಪಾಠ ದೀಪಾವಳಿ ಆದ ಮೇಲೆ ಇಟ್ಟಿದ್ದು ಅದೃಷ್ಟ. ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರಗಳೇ ಬದಲಾದ್ವು, 12 ಮತ್ತು 28 ಪರ್ಸೆಂಟಿನ ಸ್ಲ್ಯಾಬ್ ಹೋಗಿ ಮುಖ್ಯವಾಗಿ 5 ಮತ್ತು 18 ಉಳೀತು, ಪುಸ್ತಕದಲ್ಲಿ ಹಳೇದೇ ಇದೆ. ಪ್ರಶ್ನೆಯಲ್ಲಿ ದರ ಕೊಟ್ಟಿರ್ತಾರೆ, ಹಾಗಾಗಿ ವಿಧಾನಕ್ಕೇನೂ ತೊಂದ್ರೆ ಇಲ್ಲ, ಆದ್ರೆ ಮಕ್ಕಳಿಗೆ ಇದೇ ಒಂದು ಪ್ರಾಜೆಕ್ಟ್ ಆಯ್ತು, ಸೆಪ್ಟೆಂಬರ್ ಮುಂಚಿನ ಒಂದು ಬಿಲ್ಲು ಆಮೇಲಿನ ಒಂದು ಬಿಲ್ಲು ತನ್ನಿ ಅಂತ. ಪೆನ್ಸಿಲ್ಲು ನೋಟ್‌ಬುಕ್ಕಿಗೆ ತೆರಿಗೆ ಸೊನ್ನೆ ಆಗಿದೆ ಅಂತ ಅವ್ರೇ ಕಂಡು ಹಿಡಿದ್ರು. ಹೋಟೆಲ್ ಮನೆಯ ಹುಡುಗಿ ತಂದ ಬಿಲ್ಲಲ್ಲಿ 200ಕ್ಕೆ ಕೇಂದ್ರದ್ದು 5, ರಾಜ್ಯದ್ದು 5, ಒಟ್ಟು 210. ಅದನ್ನೇ ತಿರುಗಿಸಿ, ತೆರಿಗೆ ಸೇರಿ 210 ಆದ್ರೆ ತೆರಿಗೆ ಎಷ್ಟು ಅಂದ್ರೆ ಮುಕ್ಕಾಲು ಕ್ಲಾಸು 210ರ ಐದು ಪರ್ಸೆಂಟ್ ತೆಗೆದು ಹತ್ತೂವರೆ ಅಂತು. ಬಿಲ್ಲು ಕಣ್ಣ ಮುಂದೆ ಇದ್ರೂ! ಆಂತರಿಕ ಅಂಕಕ್ಕೆ ಆ ಬಿಲ್ಲಿನ ಕೆಲಸವನ್ನೇ ತಗೊಂಡೆ. ಶೇರು, ಮ್ಯೂಚುವಲ್ ಫಂಡ್ ಭಾಗ ಪುಸ್ತಕದಲ್ಲಿದ್ದಷ್ಟು ಹೇಳಿ ಮುಂದೆ ಹೋದೆ, ದಲಾಲ್ ಸ್ಟ್ರೀಟ್ ಇದೇ ಊರಲ್ಲಿದ್ರೂ ನಮ್ಮ ಮಕ್ಕಳ ಮನೇಲಿ ಅದರ ಮಾತಿಲ್ಲ. ಸಂಭವನೀಯತೆ ಬೇಗ ಮುಗೀತು, ಇಸ್ಪೀಟ್ ಎಲೆ ಬಗ್ಗೆ ನನಗೇ ಪಾಠ ಹೇಳಿದ್ರು.

ಪ್ರಿಲಿಮ್ ಪೇಪರಲ್ಲಿ ‘ಓ’ಗಳು ಕಡಿಮೆ ಆಗಿದ್ವು. ‘ಲ’ ಮಾತ್ರ ಹಾಗೇ ಇದೆ, ಮೈನಸ್ ಚಿಹ್ನೆ ಯಾರ ಮಾತೂ ಕೇಳಲ್ಲ. ಒಂದಿಬ್ಬರಿಗೆ ನಾನು ಏನು ಮಾಡಿದ್ರೂ ತಲುಪಲಿಲ್ಲ, ಅವ್ರಲ್ಲಿ ಒಬ್ಬ ಸಂಜೆ ಅಪ್ಪನ ಜೊತೆ ಕೆಲಸಕ್ಕೆ ಹೋಗ್ತಾನೆ, ಅದಕ್ಕೆ ನನ್ನ ಟೇಬಲಲ್ಲಿ ಕಾಲಂ ಇಲ್ಲ. ಬೋರ್ಡ್ ರಿಸಲ್ಟ್ ಇನ್ನೂ ಬಂದಿಲ್ಲ. ಹೆಡ್‌ಮಿಸ್ಸು ಮುಂದಿನ ವರ್ಷದ ನಿಯೋಜನ ಈಗಲೇ ಕೇಳ್ತಿದಾರೆ, ಪಾಠದ ಕ್ರಮ ಪುಸ್ತಕದ ಹಾಗೆ ಯಾಕಿಲ್ಲ ಅಂತ ತಪಾಸಣೆಗೆ ಬಂದೋರು ಕೇಳಿದ್ರೆ ಉತ್ತರ ನೀವೇ ಕೊಡ್ಬೇಕು ಅಂತ ಕಂಡೀಷನ್ ಹಾಕಿ ಸಹಿ ಮಾಡ್ತಾರಂತೆ. ಆಗ್ಲಿ. ಒಂಬತ್ತನೇ ಕ್ಲಾಸೂ ಈ ಸಲ ನಂದೇ, ಅಲ್ಲಿ ಮೊದಲ ಪಾಠ ಗಣಗಳು, ಅದಕ್ಕೂ ಮುಂಚೆ ಒಂದು ವಾರ ಸಮ ಚಿಹ್ನೆಗೆ ಮತ್ತು ಮೇಸ್ತ್ರಿ-ಹೆಲ್ಪರ್‌ಗೆ ತೆಗೆದಿಟ್ಟಿದೀನಿ. ಟೇಬಲಲ್ಲಿ ಆ ವಾರಕ್ಕೆ ‘ಪುನರಾವರ್ತನೆ’ ಅಂತ ಬರೆದಿದೀನಿ, ಹಾಗೆ ಬರೆದ್ರೆ ಯಾರೂ ಏನೂ ಕೇಳಲ್ಲ.